ಸಾಲ ಮಾಡಿ ಮದುವೆ ಬೇಡ ಎಂದು ಅಪ್ಪನಿಗೆ ಹೇಗೆ ಹೇಳಲಿ?

ಎಲ್ಲರಿಗೂ ಸ್ತೋತ್ರ. ಮೇ ತಿಂಗಳಲ್ಲಿ ನನ್ನ ಮದುವೆ. ಚರ್ಚಿನಲ್ಲಿ ಆರಾಧನೆ, ಆಮೇಲೆ ಸಭೆಯವರಿಗೆ ಊಟ, ಅಷ್ಟೇ ಸಾಕು ಎಂದು ನನಗೂ ಹುಡುಗನಿಗೂ ಆಸೆ. ಅಪ್ಪ ಮಾತ್ರ ಎಂಟು ಲಕ್ಷ ಸಾಲ ತೆಗೆದು ದೊಡ್ಡ ಹಾಲ್ ಹಿಡಿಯಬೇಕು ಎನ್ನುತ್ತಾರೆ. "ಜನ ಏನಂತಾರೆ?" ಅನ್ನೋದು ಒಂದೇ ಮಾತು. ಬೈಬಲ್ ವಾಕ್ಯ ತೋರಿಸಿದರೆ ಜಗಳ ಆಗುತ್ತದೆ. ಇದನ್ನು ದಾಟಿದವರು ದಯವಿಟ್ಟು ನಿಮ್ಮ ಅನುಭವ ಹೇಳಿ.

ಬೆಂಗಳೂರಿನಿಂದ ಒಬ್ಬ ಅಕ್ಕ:

ತಂಗೀ, ವಾಕ್ಯ ತೋರಿಸಿ ನಾನೂ ಮನೆಯಲ್ಲಿ ನೋವು ಮಾಡಿದ್ದೇನೆ. ಅಣ್ಣನ ಮದುವೆಯ ಸಮಯ. ಒಂದನೇ ಯೋಹಾನ 2:16 ಬರೆದು ಫ್ರಿಜ್ ಮೇಲೆ ಅಂಟಿಸಿದೆ. "ಬದುಕುಬಾಳಿನ ಡಂಬ" ಎಂಬಲ್ಲಿ ಗೆರೆ ಬೇರೆ ಎಳೆದಿದ್ದೆ. ಅಮ್ಮ ಓದಿ ಅತ್ತುಬಿಟ್ಟರು. ಅವರಿಗೆ ಅದರಲ್ಲಿ ದೇವರ ಮಾತು ಕೇಳಿಸಲೇ ಇಲ್ಲ, ಮಗಳು ಚುಚ್ಚಿದ್ದು ಮಾತ್ರ ಕೇಳಿಸಿತು. ಮದುವೆ ಅವರಿಷ್ಟದಂತೆಯೇ ಆಯಿತು. ಸಾಲ ತೀರಲು ಆರು ವರ್ಷ ಹಿಡಿಯಿತು.

ನನ್ನ ಮದುವೆ ಹೊತ್ತಿಗೆ ಬೈಬಲಿನಲ್ಲಿ ದಾನಿಯೇಲನ 1ನೇ ಅಧ್ಯಾಯ ಓದುತ್ತಿದ್ದೆ. ಸಂಡೇ ಸ್ಕೂಲಿನಲ್ಲಿ ಕೇಳಿದ ಕಥೆಯೇ. ಆದರೆ ಆ ಸಲ ನಿಧಾನವಾಗಿ ಓದಿದೆ. ಸೆರೆಯಾಗಿ ಬಾಬೆಲಿನ ಅರಮನೆಗೆ ಹೋದ ಯೆಹೂದ್ಯ ಹುಡುಗ ದಾನಿಯೇಲ ಅಲ್ಲಿ ಎಲ್ಲವನ್ನೂ ಬೇಡ ಎನ್ನಲಿಲ್ಲ. ಅಲ್ಲಿನ ಕಸ್ದೀಯರ ಭಾಷೆ ಕಲಿತ. ಬೇಲ್ತೆಶಚ್ಚರ ಎಂದು ಹೆಸರಿಟ್ಟರು, ಅದಕ್ಕೂ ಜಗಳ ಆಡಿದ್ದು ಅಲ್ಲಿ ಕಾಣುವುದಿಲ್ಲ. ರಾಜನ ಊಟ, ದ್ರಾಕ್ಷಾರಸ ಎಂದಾಗ ಮಾತ್ರ ಒಲ್ಲೆ ಎಂದು ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡ. ಅದನ್ನೂ ಬೇಡಿಕೊಂಡೇ ಹೇಳಿದ. ಅವನನ್ನು ನೋಡಿಕೊಳ್ಳುತ್ತಿದ್ದ ಅರಮನೆಯ ಅಧಿಕಾರಿಗೋ ರಾಜ ತಲೆ ತೆಗೆದಾನು ಎಂಬ ಭಯ. ಆ ಭಯವನ್ನು ದಾನಿಯೇಲ ಹೀಯಾಳಿಸಲಿಲ್ಲ. ಮೇಲ್ವಿಚಾರಕನ ಹತ್ತಿರ ಹೋಗಿ, ಹತ್ತು ದಿನ ಬರೀ ಕಾಯಿಪಲ್ಯ, ನೀರು ಕೊಟ್ಟು ನೋಡಿ ಎಂದು ಕೇಳಿದ. "ಜನ ಏನಂತಾರೆ" ಅನ್ನೋದೂ ನಿಮ್ಮ ಅಪ್ಪನಿಗೆ ಅಂಥದ್ದೇ ಭಯ ಅಲ್ವಾ?

ಹಾಗಾಗಿ ಸೀರೆ, ಒಡವೆ, ಕಾರ್ಡು ಎಲ್ಲ ಅಮ್ಮನ ಇಷ್ಟಕ್ಕೆ ಬಿಟ್ಟೆ. ಸಾಲ ಒಂದು ಬೇಡ ಎಂದೆ. ಕೈಯಲ್ಲಿ ಎಷ್ಟಿದೆ, 250 ಜನರ ಊಟಕ್ಕೆ ಎಷ್ಟಾಗುತ್ತದೆ ಎಂದು ಒಂದು ಹಾಳೆಯಲ್ಲಿ ಬರೆದು ಅಪ್ಪನಿಗೆ ಕೊಟ್ಟೆ. ಎರಡು ವಾರ ಅವರು ಆ ಬಗ್ಗೆ ಮಾತೇ ಎತ್ತಲಿಲ್ಲ. ದಿನಾ ರಾತ್ರಿ ಅವರಿಗಾಗಿ ಪ್ರಾರ್ಥನೆ ಮಾಡುತ್ತಿದ್ದೆ. ಒಂದು ದಿನ ಅವರೇ ಅಡುಗೆಯವರಿಗೆ ಫೋನ್ ಮಾಡಿದರು.

ಮಂಗಳೂರಿನಿಂದ ಒಬ್ಬ ತಂದೆ:

ಮಗಳೇ, ದೊಡ್ಡ ಮಗಳ ಮದುವೆಗೆ ಸಾಲ ಮಾಡಿದವನು ನಾನು. ಸಾಲಗಾರ ಸಾಲ ಕೊಟ್ಟವನಿಗೆ ಸೇವಕ ಎಂಬ ಜ್ಞಾನೋಕ್ತಿ 22:7 ಬಾಯಿಪಾಠವಾಗಿತ್ತು. ಕಂತು ಕಟ್ಟಲು ಭಾನುವಾರವೂ ಡ್ಯೂಟಿಗೆ ಹೋಗಿ ಆರಾಧನೆ ತಪ್ಪಿದಾಗಲೇ ಅದರ ಅರ್ಥ ಗೊತ್ತಾದದ್ದು. ಹೆಣ್ಣು ಹೆತ್ತವರಿಗೆ ಊರಿನ ಜನಕ್ಕಿಂತ ಬೀಗರು ಏನಂದುಕೊಳ್ಳುತ್ತಾರೋ ಎಂಬ ಅಳುಕೇ ಜಾಸ್ತಿ. ಹುಡುಗನ ತಂದೆಯೇ ಬಂದು ಮಾತಾಡಲಿ. ಎರಡನೆಯವಳ ಮದುವೆಗೆ ಬೀಗರೇ ಮನೆಗೆ ಬಂದು "ನಮಗೆ ಹಾಲ್ ಬೇಡ, ಚರ್ಚಿನ ಅಂಗಳ ಸಾಕು" ಎಂದರು. ಆ ರಾತ್ರಿ ನನಗೆ ಚೆನ್ನಾಗಿ ನಿದ್ದೆ ಬಂತು.

ಹುಬ್ಬಳ್ಳಿಯಿಂದ:

ಸಿಸ್ಟರ್, ಸಭಾಪಾಲಕರಿಗೆ ಈಗಲೇ ಹೇಳಿಡಿ. ಮೇ ತಿಂಗಳಲ್ಲಿ ಮದುವೆಗಳು ಜಾಸ್ತಿ, ಚರ್ಚಿನ ಜಾಗ ಸಿಗದೆ ಹೋದರೆ ಅಪ್ಪನ ಮಾತೇ ನಡೆಯುತ್ತದೆ. ನಮ್ಮ ಮದುವೆಗೆ ಚರ್ಚಿನ ಹೆಂಗಸರ ಸಂಘವಾದ ಮಹಿಳಾ ಅನ್ಯೋನ್ಯ ಕೂಟದವರೇ ನಿಂತು ಬಡಿಸಿದ್ದರು. ನಿಮ್ಮಲ್ಲೂ ಕೇಳಿ ನೋಡಿ.