ಅಪ್‌ಡೇಟ್: ತೋಟದ ಏರಿನಲ್ಲಿ ನಿಂತುಹೋಗುತ್ತಿದ್ದ ಎಲೆಕ್ಟ್ರಿಕ್ ಮೊಪೆಡ್

ಮೂಡಿಗೆರೆ ಕಡೆಯ ನಮ್ಮ ಕಾಫಿ ತೋಟದಲ್ಲಿ ಗೊಬ್ಬರದ ಚೀಲ ಹೇರಿಕೊಂಡು ಏರು ಹತ್ತುವಾಗ ಎಲೆಕ್ಟ್ರಿಕ್ ಮೊಪೆಡ್ ಇದ್ದಕ್ಕಿದ್ದಂತೆ ನಿಂತು, ಸ್ವಲ್ಪ ಹೊತ್ತಿನ ನಂತರ ಮತ್ತೆ ಚಾಲೂ ಆಗುವುದೇಕೆ ಎಂದು ಹಿಂದೆ ಇಲ್ಲಿ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು.

ಟೈರಿನ ಗಾಳಿ ಇಳಿಸಿದ್ದರಿಂದ ಕೆಸರಿನಲ್ಲಿ ಹಿಡಿತ ಸಿಕ್ಕಿತೇ ಹೊರತು ಗಾಡಿ ನಿಲ್ಲುವುದು ತಪ್ಪಲಿಲ್ಲ; ಥ್ರಾಟಲ್ (ವೇಗ ಹೆಚ್ಚಿಸಲು ತಿರುಗಿಸುವ ಹಿಡಿ) ಬದಲಾಯಿಸಿದ್ದೂ ಪ್ರಯೋಜನಕ್ಕೆ ಬರಲಿಲ್ಲ. ಬ್ಯಾಟರಿಯಿಂದ, ಮೋಟರಿಗೆ ಹೋಗುವ ಕರೆಂಟನ್ನು ನಿಯಂತ್ರಿಸುವ ಕಂಟ್ರೋಲರ್‌ಗೆ ಹೋಗುವ ಕನೆಕ್ಟರ್ ಬಿಚ್ಚಿ ನೋಡಿ ಎಂದವರ ಸಲಹೆಯೇ ಫಲ ಕೊಟ್ಟಿತು. ಅದರ ಒಂದು ಪಿನ್ ಕಪ್ಪಾಗಿ, ಸುತ್ತಲಿನ ಪ್ಲಾಸ್ಟಿಕ್ ಕರಗಿ ಉಬ್ಬಿಕೊಂಡಿತ್ತು. ಕಲ್ಲುದಾರಿಯ ಕುಲುಕಾಟಕ್ಕೆ ಸಡಿಲವಾಗಿದ್ದ ಆ ಪಿನ್, ಏರಿನಲ್ಲಿ ಹೆಚ್ಚು ಕರೆಂಟ್ ಹರಿದಾಗ ಕಾದು, ಕಂಟ್ರೋಲರ್‌ಗೆ ತಲುಪುವ ವೋಲ್ಟೇಜ್ ಕುಸಿದು ಮೋಟರ್ ಬಂದ್ ಆಗುತ್ತಿತ್ತು. ಹೆಚ್ಚು ಆಂಪಿಯರ್ ಕರೆಂಟ್ ತಾಳಿಕೊಳ್ಳುವ ಕನೆಕ್ಟರ್ ಹಾಕಿಸಿದ ಮೇಲೆ ತೊಂದರೆ ಮರುಕಳಿಸಿಲ್ಲ.

ನನಗೆ ಅಚ್ಚರಿ ತಂದ ಇನ್ನೊಂದು ಸಂಗತಿಯೆಂದರೆ, ಗೇರ್ ಬದಲಿಸಲು ಬಾರದ ಹಬ್ ಮೋಟರಿನ (ಚಕ್ರದ ನಡುವೆಯೇ ಕೂರಿಸಿದ ಮೋಟರಿನ) ಗಾಡಿಯನ್ನು ಕಡಿದಾದ ಏರಿನಲ್ಲಿ ತೀರಾ ನಿಧಾನವಾಗಿ ಹತ್ತಿಸಿದರೆ, ಬ್ಯಾಟರಿಯ ಶಕ್ತಿಯಲ್ಲಿ ದೊಡ್ಡ ಪಾಲು ಮೋಟರಿನೊಳಗೆ ಬರೀ ಶಾಖವಾಗಿ ಹೋಗುತ್ತದೆ. ಆದ್ದರಿಂದ ಈಗ ಹೊರೆಯನ್ನು ಎರಡು ಸಲಕ್ಕೆ ಹಂಚಿ, ವೇಗ ಕುಗ್ಗದಂತೆ ಹತ್ತಿಸುತ್ತಿದ್ದೇನೆ.