ಸಹಾಯ ಬೇಕು: ಉಪ್ಪಿನಕಾಯಿ ಮಾರಲು ಮೆಸೇಜ್ ಬರೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಶಿರಸಿ ಹತ್ತಿರ ಮನೆಯಲ್ಲೇ ಅಪ್ಪೆಮಿಡಿ (ಪರಿಮಳದ ಎಳೆ ಮಾವಿನಕಾಯಿ) ಉಪ್ಪಿನಕಾಯಿ ಹಾಕಿ ಮಾರುತ್ತೇನೆ. ರುಚಿ ಬಗ್ಗೆ ದೂರಿಲ್ಲ, ಬರವಣಿಗೆಯದ್ದೇ ತೊಂದರೆ. ವಾಟ್ಸಾಪ್ ಬ್ರಾಡ್‌ಕಾಸ್ಟ್‌ನಲ್ಲಿ ಒಂದೇ ಮೆಸೇಜನ್ನು ಹಲವರಿಗೆ ಒಟ್ಟಿಗೆ ಕಳಿಸಬಹುದು, ಆದರೆ ಒಂದು ಪಟ್ಟಿಗೆ ಹೆಚ್ಚೆಂದರೆ 256 ಜನ. ಅದೂ ನನ್ನ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಹಾಗಾಗಿ ಮೊದಲ ಸಾಲಿನಲ್ಲೇ ಹಿಡಿದು ನಿಲ್ಲಿಸಬೇಕು, ಅಲ್ವಾ? ನಾನೋ, 'ಉತ್ಕೃಷ್ಟ ಗುಣಮಟ್ಟದ' ಅಂತ ಶುರು ಮಾಡುತ್ತೇನೆ. 'ಅಮ್ಮಾ, ಇದು ಟೆಂಡರ್ ನೋಟಿಸ್ ಥರ ಇದೆ' ಅಂದಳು ಮಗಳು!

ಒಮ್ಮೆ ಮಾತ್ರ, ತೊಟ್ಟು ಮುರಿದಾಗ ಬರುವ ಸೊನೆಯ ಪರಿಮಳದ ಬಗ್ಗೆ ಬರೆದೆ. ಆ ಸಲ ಆರ್ಡರ್ ಜಾಸ್ತಿ ಬಂತು. ಸುಮ್ನೆ ಅದೃಷ್ಟವೋ ಏನೋ.

ದಿನಾ ಸ್ವಲ್ಪ ಬರೆಯುವ ಅಭ್ಯಾಸ ನೀವು ಹೇಗೆ ಮಾಡಿಕೊಂಡಿರಿ? ಬೆಲೆ ಮೊದಲೇ ಹಾಕಬೇಕಾ, ಕೊನೆಗಾ? ನನ್ನ ಹಳೇ ಮೆಸೇಜ್ ಒಂದನ್ನು ಯಾರಾದರೂ ತಿದ್ದಿ ಕೊಡುತ್ತೀರಾ?