ದಾಸವಾಳದ ಮೊಗ್ಗು ಅರಳೋಕ್ ಮುಂಚೆನೇ ಉದುರ್ತಿದೆ, ಯಾವ ಸ್ಪ್ರೇ ತರ್ಲಿ?

ಟೆರೇಸ್_ತೋಟ:
ಎಲ್ರಿಗೂ ನಮಸ್ಕಾರ. ಬೆಂಗಳೂರಲ್ಲಿ ಮೂರನೇ ಮಹಡಿ ಟೆರೇಸು ನಮ್ದು, ಬಿಸಿಲಿಗೇನೂ ಬರ ಇಲ್ಲ. ಊರಿಂದ ತಂದ ಕೆಂಪು ಐದೆಸಳಿನ ದಾಸವಾಳ ಒಂದು, ನರ್ಸರಿಯಿಂದ ತಂದ ಹಳದಿ ಡಬಲ್ (ಸುತ್ತು ಸುತ್ತು ಎಸಳಿಂದು) ಒಂದು, ಎರಡೂ 12 ಇಂಚಿನ ಪಾಟಲ್ಲಿವೆ. ಕೆಂಪಿಂದು ದಿನಾ ಹೂ ಬಿಡುತ್ತೆ, ಪೂಜೆಗೆ ಅದೇ ಗತಿ. ಹಳದಿದು ಮೊಗ್ಗೇನೋ ಗಿಡದ ತುಂಬ ಬರುತ್ತೆ ಆದ್ರೆ ಹೆಬ್ಬೆರಳ ತುದಿಯಷ್ಟು ಆಗೋ ಹೊತ್ತಿಗೆ ಬಣ್ಣಗೆಟ್ಟು ತೊಟ್ಟಿನ ಸಮೇತ ಉದುರಿ ಹೋಗುತ್ತೆ. ಡಿಎಪಿ ಗೊಬ್ಬರ ಹಾಕ್ತಿದೀನಿ, ಎಲೆ ಚೆನ್ನಾಗೇ ಇದೆ. ಪಕ್ಕದ ಮನೆ ಅಜ್ಜಿ ದೃಷ್ಟಿ ಆಗಿದೆ ಅಂತಾರೆ 😄

ಮಣ್ಣುಹುಳ:
ಸ್ಪ್ರೇ ಆಮೇಲೆ. ಮೊದ್ಲು ಇವತ್ತು ಬಿದ್ದ ಮೊಗ್ಗನ್ನ ಉಗುರಲ್ಲಿ ಸೀಳಿ ಬಿಳಿ ಪೇಪರ್ ಮೇಲೆ ಇಟ್ಟು ನೋಡಿ. ಎಸಳುಗಳ ಮಧ್ಯೆ ನುಚ್ಚಕ್ಕಿಗಿಂತ ಸಣ್ಣ ಬಿಳಿ-ಹಳದಿ ಹುಳ ಇದ್ದು ಪುಟಕ್ಕಂತ ನೆಗೆದ್ರೆ ಅದು ಮಿಡ್ಜ್ ಅನ್ನೋ ಚಿಕ್ಕ ನೊಣದ ಮರಿ. ಆ ನೊಣ ಮೊಗ್ಗೊಳಗೆ ಮೊಟ್ಟೆ ಇಡುತ್ತೆ, ಹುಳ ಒಳಗೇ ತಿಂದ್ಕೊಂಡು ಬೆಳೆದು ಮೊಗ್ಗು ಬಿದ್ಮೇಲೆ ಮಣ್ಣಿಗಿಳಿದು ಕೋಶ ಕಟ್ಟುತ್ತೆ, ಮೊಟ್ಟೆಯಿಂದ ಹಿಡಿದು ಮತ್ತೆ ನೊಣ ಆಗೋಕೆ ಹೆಚ್ಚುಕಮ್ಮಿ ಮೂರು ವಾರ ಅಷ್ಟೇ. ಅದು ಒಳಗೆ ಬೆಚ್ಚಗೆ ಕೂತಿರೋವಾಗ ನೀವು ಮೇಲಿಂದ ಬೇವಿನೆಣ್ಣೆ ಸುರಿದ್ರೂ ತಾಗೋದಿಲ್ಲ. ಬಿದ್ದಿರೋದು, ಗಿಡದಲ್ಲೇ ಹಳದಿ ತಿರುಗಿರೋದು ಎಲ್ಲಾ ಮೊಗ್ಗು ದಿನಾ ಆರಿಸಿ ಕವರಲ್ಲಿ ಕಟ್ಟಿ ಬಿಸಾಕಿ. ಕಾಂಪೋಸ್ಟ್‌ಗೆ ಹಾಕಿದ್ರೆ ನೀವೇ ಸಾಕಿದಂಗೆ. ಡಬಲ್ ಜಾತಿಗಳಿಗೇ ಇದರ ಕಾಟ ಜಾಸ್ತಿ.

ಮಲ್ನಾಡ್_ಬೇಲಿ:
ಹುಳ ಸಿಗದೇ ಇದ್ರೆ ಆ ಡಿಎಪಿ ಮೇಲೆ ನನಗೆ ಡೌಟು. ಅದ್ರಲ್ಲಿ 18 ಪರ್ಸೆಂಟ್ ಸಾರಜನಕ, 46 ರಂಜಕ, ಪೊಟ್ಯಾಷ್ ಸೊನ್ನೆ. ದಾಸವಾಳಕ್ಕೆ ಬೇಕಾಗಿರೋದು ಉಲ್ಟಾ, ಪೊಟ್ಯಾಷ್ ಜಾಸ್ತಿ ರಂಜಕ ಕಮ್ಮಿ. ನೀರೂ ನೋಡ್ಕೊಳ್ಳಿ, ಬೇಸಿಗೇಲಿ ಪಾಟು ಒಂದ್ ಮಧ್ಯಾಹ್ನ ಪೂರ್ತಿ ಒಣಗಿದ್ರೂ ಸಾಕು ಮೊಗ್ಗು ಕಳಚುತ್ತೆ. ನಮ್ ಕಡೆ ಬೇಲಿಲಿ ಯಾರೂ ಗೊಬ್ಬರ ಹಾಕಲ್ಲ ಆದ್ರೂ ವರ್ಷವಿಡೀ ಹೂವು, ಬೇರಿಗೆ ಜಾಗ ಇದೆ ನೋಡಿ.

ಹಿತ್ತಲು:
ಪೊಟ್ಯಾಷ್ ಅಂದ ತಕ್ಷಣ ಒಲೆ ಬೂದಿ ಸುರಿಯೋರು ಇದಾರೆ, ಬೆಂಗಳೂರ ಬೋರ್‌ವೆಲ್ ನೀರು ಹಾಕೋರು ಅದೊಂದು ಮಾಡ್ಬೇಡಿ. ಗಡಸು ನೀರಿನ ಸುಣ್ಣದ ಜೊತೆ ಬೂದಿನೂ ಸೇರಿದ್ರೆ ಮಣ್ಣು ಕ್ಷಾರ ಆಗಿ ಗಿಡಕ್ಕೆ ಕಬ್ಬಿಣ ಸಿಗಲ್ಲ, ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುತ್ತೆ. ಸಲ್ಫೇಟ್ ಆಫ್ ಪೊಟ್ಯಾಷ್ ಸ್ವಲ್ಪ ಸ್ವಲ್ಪ ಕೊಡಿ ಸಾಕು.
ಅಂದಂಗೆ ನಮ್ಮನೇಲಿ ಒಂದು ಕೆಂಪು ದಾಸವಾಳ ಅರಳೋದೇ ಇಲ್ಲ, ಮೆಣಸಿನಕಾಯಿ ಥರ ಸುತ್ಕೊಂಡೇ ಇರುತ್ತೆ. ಅದೂ ಹುಳಾನಾ?

ಮಣ್ಣುಹುಳ:
@ಹಿತ್ತಲು ಅಲ್ಲ, ಅದು ಮಾಲ್ವವಿಸ್ಕಸ್, ದಾಸವಾಳದ ದಾಯಾದಿ. ಅದರ ಹೂವು ಇರೋದೇ ಹಂಗೆ, ಸುಮ್ನೆ ಬಿಟ್ಬಿಡಿ.

ಟೆರೇಸ್_ತೋಟ:
ಮೊಗ್ಗು ಸೀಳಿದೆ, ಒಂದರಲ್ಲೇ ಏಳೆಂಟು ಹುಳ! ಪೇಪರ್ ಮೇಲಿಂದ ನಿಜವಾಗ್ಲೂ ನೆಗೀತವೆ, ಮಗಳು ಕಿರುಚ್ಕೊಂಡು ಓಡಿದ್ಲು. ಡಿಎಪಿನೂ ನಿಲ್ಲಿಸ್ತೀನಿ. ಪಾಟಿನ ಮಣ್ಣು ಬದಲಾಯಿಸ್ಬೇಕಾ?

ಮಣ್ಣುಹುಳ:
ಪೂರ್ತಿ ಬೇಡ, ಬೇರು ಕೆದಕಿದ್ರೆ ಇರೋ ಮೊಗ್ಗೂ ಹೋಗುತ್ತೆ. ಮೇಲಿನ ಎರಡಿಂಚು ಮಣ್ಣು ತೆಗೆದು ಹೊಸದು ಹಾಕಿ. ಒಂದೂವರೆ ತಿಂಗಳು ಒಂದು ಮೊಗ್ಗೂ ನೆಲಕ್ಕೆ ಬಿಡ್ಬೇಡಿ, ಪಕ್ಕದಲ್ಲಿರೋ ಕೆಂಪಿನ ಮೇಲೂ ಒಂದ್ ಕಣ್ಣಿಡಿ. ತೀರಾ ಜಾಸ್ತಿ ಇದ್ರೆ ಎಲ್ಲಾ ಮೊಗ್ಗು ಕಿತ್ತು, ಕೊಂಬೆ ಮೂರನೇ ಒಂದು ಭಾಗ ಕತ್ತರಿಸ್ಬಿಡಿ. ದಾಸವಾಳ ಹೊಸ ಚಿಗುರಲ್ಲೇ ಮೊಗ್ಗು ಬಿಡೋದ್ರಿಂದ ನಷ್ಟ ಏನಿಲ್ಲ.